ಮಗ್ಗದ ಕುಣಿಗೆ ಮರಳಿ ಇಳಿದ ಮಗುವಿನ ಪರವಾಗಿ

ಸ್ಕೌಟು ಪಡೆಗಳ ತಪಾಸಣೆ ಮಾಡುವ ಸಾಹೇಬರಿಗೆ,

ಮಾನ್ಯರೇ, ಹಗ್ಗ ಬಿಚ್ಚಿಹೋಗಿ ತಾವು ಹಳ್ಳದ ಕೆಸರಿನಲ್ಲಿ ಕುಳಿತದ್ದು ನನ್ನ ತಪ್ಪಿನಿಂದ; ಶಿಕ್ಷೆಯಾದದ್ದು ಹದಿನಾಲ್ಕು ಸಣ್ಣ ಮಕ್ಕಳಿಗೆ. ಇಳಕಲ್ಲಿನ ನಮ್ಮ ಓಣಿಯ ಎಳೆಯರ ಪಡೆಯನ್ನು ತಾವು ಒಂದೇ ಸಾಲಿನ ಹುಕುಮಿನಿಂದ ಮುಚ್ಚಿದ್ದೀರಿ. "ಮಕ್ಕಳು ಅಪಾತ್ರರು" ಎಂದು ಬರೆದಿದ್ದೀರಿ. ನಾನು ಬೇವೂರಿನ ಸಾಲಿಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತವಳು. ಏಳು ವರ್ಷದ ಕೂಸಿಗೆ ಈ ಮಾತು ಹೊಂದುತ್ತದೆಂದು ಅಲ್ಲಿ ನನಗೆ ಯಾರೂ ಕಲಿಸಲಿಲ್ಲ.

ನನ್ನ ಮೊಮ್ಮಗ ಅಂದಪ್ಪನ ಸಂಗತಿಯನ್ನು ತಾವು ಕೇಳಲೇಬೇಕು. ಎರಡು ವರ್ಷದ ಹಿಂದೆ ಪ್ಲೇಗಿನಲ್ಲಿ ಅವನ ತಂದೆತಾಯಿ ಒಂದೇ ವಾರದಲ್ಲಿ ಲಿಂಗೈಕ್ಯರಾದರು. ಅಂದಿನಿಂದ ಹುಡುಗ ಅಪ್ಪನ ಮಗ್ಗದ ಕುಣಿಯೊಳಗೆ, ಅಪ್ಪ ನೇಯುವಾಗ ಕಾಲು ಇಳಿಬಿಡುತ್ತಿದ್ದ ತಗ್ಗಿನಲ್ಲಿ, ಮೊಣಕಾಲಿಗೆ ಮುಖ ಒತ್ತಿ ಕೂಡತೊಡಗಿದ. ಮಾತಿಲ್ಲ, ಹಸಿವಿಲ್ಲ. ನಾನು ದಿನಾ ಲಿಂಗಪೂಜೆಗೆ ಕುಳಿತಾಗ ಬೇಡಿದ್ದು ಒಂದೇ: ಬಸವಣ್ಣಾ, ಈ ಕೂಸನ್ನು ಬಿಸಿಲಿಗೆ ಕರಿ.

ಕರೆಯಲು ಬಂದವರು ನಮ್ಮ ಓಣಿಯ ಸಾಲಿಯ ಶಾಬುದ್ದೀನ ಮಾಸ್ತರರು. ಸಣ್ಣವರ ಸ್ಕೌಟು ಪಡೆ ಕಟ್ಟುತ್ತೇನೆಂದರು. ನಾನೇ ಜಗಳ ತೆಗೆದೆ. "ಚಡ್ಡಿ ಹಾಕ್ಕೊಂಡು ಗುಡ್ಡಾ ಹತ್ತಿದ್ರ ಹೊಟ್ಟಿ ತುಂಬತೈತೇನ್ರಿ ಮಾಸ್ತರ?"

"ತುಂಬೂದಿಲ್ಲರಿ ಯವ್ವಾ, ಹಸಿವಿ ಆಗ್ತೈತಿ," ಎಂದರು.

ಆಯಿತು, ಸಾಹೇಬರೇ. ಗುಡ್ಡ ಹತ್ತಿ, ಹಕ್ಕಿಯ ಗೂಡು ಎಣಿಸಿ, ಯಾರೋ ಮುದುಕಿಯ ಕೊಡ ಹೊತ್ತು ಬಂದ ಮೊದಲ ದಿನವೇ ಅವನು ಇನ್ನೊಂದು ರೊಟ್ಟಿ ಕೇಳಿದ. "ಆಯಿ, ಇನ್ನೊಂದು ಹಾಕು." ತಂದೆತಾಯಿ ಹೋದ ಮೇಲೆ ಅವನು ಆಡಿದ ಮೊದಲ ಮಾತು. ನಾನು ಒಲೆಯ ಮುಂದೆಯೇ ಅತ್ತೆ.

ಇನ್ನು ನನ್ನ ತಪ್ಪು. ತಮ್ಮ ತಪಾಸಣೆಯ ಹಿಂದಿನ ದಿನ ಮಾಸ್ತರರು ಹುನಗುಂದಕ್ಕೆ ಹೋಗಿದ್ದರು. ಎರಡು ಹಗ್ಗ ಜೋಡಿಸುವುದನ್ನು ರೂಢಿ ಮಾಡಿರಿ ಎಂದು ಮಕ್ಕಳಿಗೆ ಹೇಳಿದ್ದರು. ನೇಯುವವರ ಮನೆಯಲ್ಲಿ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು, ಅಂದರೆ ಹಳೆಯ ಹಾಸು, ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಎಳೆ ಜೋಡಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತೇವೆ, ಗಂಟು ಹಾಕುವುದಿಲ್ಲ. ಗಂಟು ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ಸಿಕ್ಕರೆ ಎಳೆ ಹರಿಯುತ್ತದೆ. ಹೀಗಾಗಿ ಗಂಟು ಹಾಕಿದ ಕೈಗೆ ನಮ್ಮಲ್ಲಿ ಏಟು ಬೀಳುತ್ತದೆ. ನಾನು ಹಗ್ಗವನ್ನೂ ನೂಲೆಂದೇ ತಿಳಿದೆ. "ಗಂಟು ಹಾಕಬ್ಯಾಡೋ, ಮನಿ ಮರ್ಯಾದಿ ಹೋಗತೈತಿ. ಬೂದಿ ಹಚ್ಚಿ ಹೊಸಿ," ಎಂದೆ. ಅಂದಪ್ಪ ನಂಬಿದ. ಅವನನ್ನು ನೋಡಿ ಉಳಿದವರೂ ಹೊಸೆದರು.

ಮರುದಿನ ಆ ಹಗ್ಗವನ್ನು ಹಳ್ಳದ ಮೇಲೆ ಕಟ್ಟಿದಾಗ ತಾವು ಕೈಯಾಡಿಸಿ, "ಜೋಡಿಸಿದ್ದು ಎಲ್ಲಿ? ಕಾಣುವುದೇ ಇಲ್ಲವಲ್ಲ, ಶಾಬಾಸ್!" ಎಂದು ಹೊಗಳಿದಿರಿ. ಹೊಗಳಿದ ಮೇಲೆ ಜೋತುಬಿದ್ದಿರಿ. ದಂಡೆಯ ಮೇಲಿದ್ದ ನೇಕಾರ ಹುಲ್ಲಪ್ಪ, "ಸಾಹೇಬ್ರ ಭಾರಕ್ಕ ನಮ್ಮ ಸೀರೀನ ಹರೀತಿತ್ತು, ಹಗ್ಗ ಯಾವ ಲೆಕ್ಕ!" ಎಂದ. ಓಣಿಯೆಲ್ಲ ನಕ್ಕಿತು. ಆ ಹುಕುಮು ಹೊರಟದ್ದು ಬಿಚ್ಚಿದ ಹಗ್ಗಕ್ಕೋ, ಆ ನಗುವಿಗೋ? ತಮ್ಮ ಭಾರ ತಾಳದ ಹಗ್ಗದಿಂದ ಮಕ್ಕಳ ಯೋಗ್ಯತೆ ಅಳೆಯುವುದಾದರೆ, ಒಮ್ಮೆಯೂ ಜಗ್ಗಿ ನೋಡದೆ ಶಾಬಾಸ್ ಎಂದವರ ಯೋಗ್ಯತೆಯನ್ನು ಯಾವುದರಿಂದ ಅಳೆಯೋಣ? ಒರಟಾದರೆ ಕ್ಷಮಿಸಿರಿ. ನನಗೆ ಈಗ ನಯವಾಗಿ ಬರೆಯುವಷ್ಟು ಸಮಾಧಾನ ಉಳಿದಿಲ್ಲ.

ಏಕೆಂದರೆ ಹುಡುಗ ಮತ್ತೆ ಕುಣಿಗೆ ಇಳಿದಿದ್ದಾನೆ. ಇಂದಿಗೆ ಒಂಬತ್ತು ದಿನ. ರೊಟ್ಟಿ ಇಟ್ಟಲ್ಲೇ ಒಣಗುತ್ತದೆ. ಮಾಸ್ತರರು ಬಂದು ಕರೆದರು, ಏಳಲಿಲ್ಲ. ತನ್ನಿಂದಲೇ ಎಲ್ಲರ ಪಡೆ ಹೋಯಿತೆಂದು ಅವನ ಎಣಿಕೆಯಿರಬೇಕು. "ಅಲ್ಲಪ್ಪಾ, ನನ್ನಿಂದ" ಎಂದರೆ ಕೇಳುವುದಿಲ್ಲ. ನಿನ್ನೆ ನಾನು ಎರಡು ತುಂಡು ಹಗ್ಗವನ್ನು ಕುಣಿಯೊಳಗೆ ಇಳಿಬಿಟ್ಟು ಪಕ್ಕದಲ್ಲಿ ನೂಲು ಸುತ್ತುತ್ತ ಕುಳಿತೆ. ಬಹಳ ಹೊತ್ತಾದ ಮೇಲೆ ಒಂದು ತುದಿ ಮೇಲೆ ಬಂತು. ನಡುವೆ ಗಂಟಿತ್ತು, ಮಾಸ್ತರರು ಕಲಿಸಿದ ಗಂಟು. ಇನ್ನೊಂದು ತುದಿ ಅವನ ಮುಷ್ಟಿಯಲ್ಲಿತ್ತು. ಮೈಭಾರವೆಲ್ಲ ಹಾಕಿ ಜಗ್ಗಿದೆ. ಬಿಚ್ಚಲಿಲ್ಲ. ಅವನೂ ಮೇಲೆ ಬರಲಿಲ್ಲ. "ಸಾಹೇಬ್ರು ಜಗ್ಗಲಿ," ಎಂದ. ಒಂಬತ್ತು ದಿನದಲ್ಲಿ ಅಷ್ಟೇ ಮಾತು.

ಪಡೆಯನ್ನು ತೆರೆಯಿರಿ. ತಪ್ಪನ್ನು ನನ್ನ ಹೆಸರಿಗೆ ಬರೆದುಕೊಳ್ಳಿರಿ. ಅದಕ್ಕೂ ಮೊದಲು, ಕೈಮುಗಿಯುತ್ತೇನೆ, ನಮ್ಮ ಮನೆಗೆ ಬಂದು ಈ ಹಗ್ಗವನ್ನು ಒಮ್ಮೆ ಜಗ್ಗಿರಿ. ಮೇಲಿನ ತುದಿಯನ್ನು ತಮಗಾಗಿ ಹಿಡಿದುಕೊಂಡಿದ್ದೇನೆ.

ಇಂತಿ,
ಹಗ್ಗಕ್ಕೂ ನೂಲಿಗೂ ಭೇದ ತಿಳಿಯದೆ ಹೋದ ಅಜ್ಜಿ,
ಸಿದ್ದಲಿಂಗವ್ವ
ಇಳಕಲ್ಲ