ಅಕ್ಕನ ದನಿಗೆ ಇಸ್ತ್ರಿ

ಹತ್ತಿ ಕೋಣೆಯಿಂದ, ಇಪ್ಪತ್ತನೇ ತಾರೀಖು, ಮಧ್ಯಾಹ್ನ

ಈ ಲಕೋಟೆ ಒಡೆದವರು ಯಾರೇ ಆಗಿರಲಿ, ಮೊದಲು ಕೈ ಒರೆಸಿಕೊಳ್ಳಿ. ನನ್ನ ಮೊಮ್ಮಗಳಲ್ಲದಿದ್ದರೆ ಇಲ್ಲಿಗೇ ಮಡಚಿ ಅವಳ ದಿಂಬಿನ ಮೇಲಿಡಿ. ಇನ್ನೊಬ್ಬರ ಮನೆಯ ಜಗಳ ಓದುವಷ್ಟು ಪುರುಸೊತ್ತಿದ್ದರೆ ಎದ್ದು ನಿಮ್ಮ ಕೋಣೆಯ ಕಸ ಗುಡಿಸಿ. ಮೊಮ್ಮಗಳೇ ಆಗಿದ್ದರೆ ನಿಂತುಕೊಂಡು ಓದಬೇಡ, ಕೂತುಕೋ. ನಿನಗೆ ಬೈಯುವುದು ಬಹಳವಿದೆ.

ಪ್ರೀತಿಯ ಹತ್ತಿಮರೀ,

ಹೇಗಿದ್ದೀಯ? ಕಿವಿನೋವು ಕಡಿಮೆಯಾಯಿತೇ? ದಿನವಿಡೀ ಆ ಬೋಗುಣಿಯಂಥ ಹೆಡ್‌ಫೋನ್ ಕವುಚಿಕೊಂಡು ಕೂತರೆ ಕಿವಿ ನೋಯದೆ ಮೂಗು ನೋಯುತ್ತದೆಯೇ? ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ದೊಡ್ಡಜ್ಜಿ, ನನ್ನ ವಾರಗಿತ್ತಿ ಮಹಾರಾಣಿ, ಆಚೆ ಕಿಟಕಿಯ ಬಳಿ ಕೂತು ಹಳೆಯ ದಿಂಬಿನ ಹತ್ತಿ ಬಿಡಿಸುತ್ತಿದ್ದಾಳೆ. ಫೋನಿನಲ್ಲಿ ಮಾತಾಡಿದರೆ ಅವಳ ಕಿವಿ ಗೋಡೆ ದಾಟಿ ಬರುತ್ತದೆ. ಅಕ್ಷರವಾದರೆ ಕನ್ನಡಕ ಹುಡುಕಬೇಕು, ಕನ್ನಡಕ ನನ್ನ ಸೊಂಟದಲ್ಲಿದೆ. ಅದಕ್ಕೇ ಈ ಕಾಗದ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಆ ಹಾಡು ಹಿಡಿಯುವ ಸ್ಟುಡಿಯೋದ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಕೆಂಪು ಗುಂಡಿ ಒತ್ತಿ ನಮ್ಮಿಬ್ಬರ ಹಾಡು ಹಿಡಿಯುವುದನ್ನು ನಾನು ಕಲಿತದ್ದೇ ದೊಡ್ಡದು. ನನ್ನ ನಾಲ್ಕನೇ ಕ್ಲಾಸಿನ ಮೇಷ್ಟರು ಕಂಡಿದ್ದರೆ ಕುರ್ಚಿಯಿಂದ ಜಾರಿ ಬೀಳುತ್ತಿದ್ದರು. ಕಷ್ಟಪಟ್ಟು ಹಿಡಿದು ಕಳಿಸಿದರೆ ನೀನು ಹೇಳಿದ್ದೇನು? 'ಅಜ್ಜೀ, ದೊಡ್ಡಜ್ಜಿ ದನಿ ಅಲ್ಲಾಡ್ತಿದೆ, ನಮ್ಮ ಸಾಹೇಬರು ಒಪ್ಪಲ್ಲ. ಒಂದು ಪ್ಲಗಿನ್ ಹಾಕಿಬಿಡು, ಸ್ವರ ತಾನೇ ನೆಟ್ಟಗಾಗತ್ತೆ. ಐದೇ ನಿಮಿಷ, ಮಗೂನೂ ಮಾಡತ್ತೆ.' ಹಾಗಿದ್ದರೆ ಯಾವುದಾದರೂ ಮಗುವನ್ನು ಕೂರಿಸಿ ಮಾಡಿಸಬೇಕಿತ್ತು. ನನ್ನನ್ನೇಕೆ ಕರೆದೆ? ಪ್ಲಗಿನ್ ಎಂದರೆ ಹೊಲಿಗೆ ಯಂತ್ರಕ್ಕೆ ಸಿಕ್ಕಿಸುವ ಬೇರೆ ಪಾದವಿದ್ದಂತೆ, ಯಂತ್ರ ಅದೇ, ಕೆಲಸ ಬೇರೆ ಎಂದು ನೀನು ಹೇಳಿದೆಯಲ್ಲ, ಇಡೀ ಪುರಾಣದಲ್ಲಿ ನನ್ನ ತಲೆಗೆ ಹೋದದ್ದು ಅದೊಂದೇ.

ಪಾದವಾದರೆ ತಿರುಪು ಸಡಿಲಿಸಿ ಸಿಕ್ಕಿಸಿದರೆ ಮುಗಿಯಿತು. ಇದು ಹಾಗಲ್ಲ. ಡೌನ್‌ಲೋಡ್ ಆಗಿ ಬಂದದ್ದು ಗಂಟು. ಗಂಟು ಬಿಚ್ಚಿದರೆ ಒಳಗೆ ಇನ್ನೊಂದು ಗಂಟು. ಅದನ್ನು ಒತ್ತಿದರೆ ಹನುಮಂತನ ಬಾಲದಷ್ಟು ಉದ್ದದ ಕರಾರು ಪತ್ರ, ಕೆಳಗೆ 'ಒಪ್ಪಿಗೆಯೇ?' ಎಂಬ ಪ್ರಶ್ನೆ. ಮದುವೆಯಲ್ಲಿ ಕೂಡ ನನ್ನನ್ನು ಯಾರೂ ಇಷ್ಟು ಕೇಳಿರಲಿಲ್ಲ. ಆಮೇಲೆ ಎಲ್ಲಿ ಇಡಲಿ ಎಂದು ಕೇಳಿತು. ನಾನು ಹಾಡುಗಳಿರುವ ಫೋಲ್ಡರಿನಲ್ಲಿ ಇಟ್ಟೆ. ಕತ್ತರಿ ಬಟ್ಟೆಯ ಪಕ್ಕದಲ್ಲಿ ತಾನೇ ಇರುವುದು? ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದರೆ ಪ್ಲಗಿನ್ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ತೆಗೆದೆ, ಮತ್ತೆ ಹಾಕಿದೆ, ಮತ್ತೆ ಅಲ್ಲೇ ಇಟ್ಟೆ. ಇಲ್ಲವೆಂದರೆ ಇಲ್ಲ. ನಾನು ಕಂಪ್ಯೂಟರಿಗೆ ಹೇಳಿದ ಮಾತುಗಳನ್ನು ಕೇಳಿ ದೊಡ್ಡಜ್ಜಿ ಆಚೆಯಿಂದ 'ಲೇ, ಯಾರು ಬಂದವ್ರೇ? ಕೂರ್ಸಿ ನೀರು ಕೊಟ್ಟು ಆಮೇಲೆ ಬೈಯಿ' ಎಂದಳು.

ಎರಡು ದಿನದ ಮೇಲೆ ನಿನಗೆ ನೆನಪಾಯಿತು. 'ಅಯ್ಯೋ ಅಜ್ಜೀ, ಪ್ಲಗಿನ್‌ಗೇ ಅಂತ ಬೇರೆ ಫೋಲ್ಡರ್ ಇರತ್ತೆ. ಸಾಫ್ಟ್‌ವೇರ್ ಅಲ್ಲಿ ಬಿಟ್ಟು ಬೇರೆಲ್ಲೂ ನೋಡಲ್ಲ. ಅಲ್ಲಿಟ್ಟು, ಮುಚ್ಚಿ ತೆಗೆದು, ಮತ್ತೆ ಹುಡುಕು ಅಂತ ರೀಸ್ಕ್ಯಾನ್ ಕೊಡು.' ಇದನ್ನು ಮೊದಲೇ ಹೇಳಲು ನಾಲಿಗೆಗೆ ಮುಳ್ಳು ಚುಚ್ಚಿತ್ತೇ? ಕಲಿಯುವವರಿಗೆ ಹೇಳುವ ರೀತಿಯೇ ಇದು? ನಿನಗೆ ಸೂಜಿಗೆ ದಾರ ಪೋಣಿಸಲು ಕಲಿಸಿದಾಗ ನಾನು 'ಪೋಣಿಸು' ಎಂದು ಎದ್ದುಹೋದೆನೇ? ದಾರದ ತುದಿ ಒದ್ದೆ ಮಾಡುವುದರಿಂದ ಹೇಳಿಕೊಟ್ಟೆ.

ಅಂತೂ ಬಂತು. ದೊಡ್ಡಜ್ಜಿಯ ಟ್ರ್ಯಾಕಿನ ಮೇಲೆ ಕೂರಿಸಿದೆ. ಕೇಳಿದೆ. ಕೇಳಿದ ಮೇಲೆ ನನಗೆ ಬಂದ ಸಿಟ್ಟಿಗೆ ಈ ಕಾಗದ ಸಾಲದು.

ನೀನು ಹತ್ತಿ ರಾಶಿಯ ಮೇಲೆ ಮಲಗಿ ಬೆಳೆದವಳು, ನಿನಗೆ ಗೊತ್ತಿಲ್ಲವೇ ಆ ಹಾಡು ಹೇಗೆ ಹುಟ್ಟುತ್ತದೆಂದು? ಚೌಕಟ್ಟಿನ ಮೇಲೆ ನಾವು ಹೊಲಿಯುವ ಹತ್ತಿ ಹಾಸಿಗೆ, ಮೇಲೆ ಅಕ್ಕ, ಅದೇ ನಿನ್ನ ದೊಡ್ಡಜ್ಜಿ, ಕೆಳಗೆ ನಾನು. ಅವಳು 'ಹೋಗೇ ಸೂಜಿ' ಎಂದು ಮೇಲಿನಿಂದ ಚುಚ್ಚಬೇಕು, ನಾನು 'ಬಂದೆ ತಾಯಿ' ಎಂದು ಕೆಳಗಿನಿಂದ ಎಳೆಯಬೇಕು. ದಪ್ಪ ಹತ್ತಿಯೊಳಗೆ ಗೇಣುದ್ದದ ಸೂಜಿ ಹೊಕ್ಕಾಗ ಅವಳ ಉಸಿರು ತಗ್ಗುತ್ತದೆ, ಉಸಿರಿನೊಂದಿಗೆ ಸ್ವರ ತಗ್ಗುತ್ತದೆ. ಆ ತಗ್ಗು ಕೇಳಿದ ಮೇಲೆಯೇ ನಾನು ಕೈ ಒಡ್ಡುವುದು. ಮೊದಲೇ ಒಡ್ಡಿದರೆ ಅಂಗೈಗೆ ಸೂಜಿ. ಅಷ್ಟು ವರ್ಷ ಕತ್ತಲಲ್ಲಿ ಹಾಸಿಗೆಯ ಅಡಿ ಕೂತಿದ್ದರೂ ನನ್ನ ಅಂಗೈ ನೆಟ್ಟಗೆ ಉಳಿದದ್ದು ಅವಳ ಆ ಸೊಟ್ಟ ಸ್ವರದಿಂದ. ನಿನ್ನ ಪ್ಲಗಿನ್ ಅದನ್ನೇ ತಪ್ಪು ಎಂದು ಹಿಡಿದು ಇಸ್ತ್ರಿ ಮಾಡಿಬಿಟ್ಟಿದೆ! ನಡುಕವೂ ಇಲ್ಲ, ತಗ್ಗೂ ಇಲ್ಲ. ಗಂಜಿ ಹಾಕಿದ ಅಂಗಿ ಹಾಡಿದಂತಿದೆ.

ಅದರ ಮೇಲೆ 'ದೊಡ್ಡಜ್ಜಿಗೆ ಹೇಳಬೇಡ' ಎಂಬ ಬುದ್ಧಿವಾದ ಬೇರೆ. ನಾನು ಈ ಮನೆಗೆ ಬಂದಾಗ ಅನ್ನ ಸೀದರೆ ತಾನೇ ಸೀಯಿಸಿದ್ದು ಎಂದು ಅತ್ತೆಯ ಬೈಗುಳ ತಿಂದವಳು ಅವಳು. ಅವಳ ಬೆನ್ನ ಹಿಂದೆ ಅವಳ ಗಂಟಲು ತಿದ್ದಲು ನನಗೆ ಹೇಳುತ್ತೀಯಲ್ಲ, ನಿನ್ನ ಸಂಬಳದ ಸಾಹೇಬರು ಹೆಚ್ಚಾದರೇ? ಹೇಳದಿದ್ದರೂ ಮುಚ್ಚಿಡಲಾಗಲಿಲ್ಲ. ಸ್ಪೀಕರಿನ ಸದ್ದು ಕೇಳಿ ಹತ್ತಿ ಮೆತ್ತಿದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಕೊನೆಯವರೆಗೂ ಕೇಳಿದಳು. 'ಯಾರೇ ಇವಳು? ಒಳ್ಳೆ ಗಂಟಲು' ಎಂದಳು. ನನ್ನ ಬಾಯಿಗೆ ಸುಳ್ಳು ಬಂತು, 'ರೇಡಿಯೋದವಳು ಕಣಕ್ಕಾ' ಎಂದೆ. ಅವಳು ತಲೆ ಆಡಿಸಿ, 'ಹಾಡೋದು ಚೆನ್ನಾಗೈತೆ. ಆದ್ರೆ ಇವಳ ಕೈಲಿ ಸೂಜಿ ಇಲ್ಲ' ಎಂದು ಹೊರಟುಹೋದಳು.

ನಾನು ಪ್ಲಗಿನ್ ಕಿತ್ತು ಹಾಕಿದ್ದೇನೆ. ಹಾಕುವುದು ಕಲಿತವಳಿಗೆ ಕೀಳುವುದು ಬರುವುದಿಲ್ಲವೇ? ಇದ್ದ ಹಾಡನ್ನು ಇದ್ದ ಹಾಗೆಯೇ ಮತ್ತೆ ಕಳಿಸಿದ್ದೇನೆ. ನಿನ್ನ ಸಾಹೇಬರಿಗೆ ಬೇಡವಾದರೆ ಬಿಡಲಿ. ನೆಟ್ಟಗಿರುವುದೇ ಬೇಕಾದರೆ ಗೋಡೆಯ ಹಾಡು ಹಿಡಿದುಕೊಳ್ಳಲಿ.

ತಲೆಗೆ ಎಣ್ಣೆ ಹಚ್ಚಿಕೋ. ಕಣ್ಣು ಕೆಡಿಸಿಕೊಳ್ಳಬೇಡ. ಎಷ್ಟು ಬೈದರೂ ನೀನು ನನ್ನ ಹೊಟ್ಟೆಯ ಬೆಂಕಿಯಲ್ಲ, ಒಲೆಯ ಬೆಳಕು. ನೂರು ಕಾಲ ಬಾಳು.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಕಿರಿಯಜ್ಜಿ

ಮರೆತಿದ್ದೆ: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ದೊಡ್ಡಜ್ಜಿ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ, 'ಆ ರೇಡಿಯೋದವಳ ದನಿ ಅಳಿಸ್ಬೇಡ ಕಣೇ, ಇಟ್ಕೋ. ಮುಂದೆ ಅದೇ ಗತಿ' ಎಂದಳು. ಅದು ತನ್ನದೇ ದನಿಯೆಂದು ಮೊದಲೇ ಅವಳಿಗೆ ಗುರುತು ಸಿಕ್ಕಿತ್ತು. ಅವಳ ಗಂಟಲಿನ ವಿಷಯ ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಆಣೆ ಹಾಳಾಗಿ ಹೋಗಲಿ. ನೀನು ನೆಟ್ಟಗೆ ಮಾಡು ಎಂದೆಯಲ್ಲ, ಆ ನಡುಕ ಗಂಟಲಿನ ಗಂಟಿನದು. ಬರುವ ತಿಂಗಳ ಮೊದಲ ವಾರ ಕೊಯ್ಯುತ್ತಾರಂತೆ. ಆಮೇಲೆ ಪಿಸುಮಾತು ಉಳಿದರೆ ಪುಣ್ಯ ಎಂದಿದ್ದಾರೆ ಡಾಕ್ಟರು. ನನಗೆ ಇಸ್ತ್ರಿಯ ದನಿ ಬೇಡ, ಅವಳದೇ ಬೇಕು, ನಾನು ಹಿಡಿದದ್ದು ಬರೀ ತುಣುಕು, ಪೂರ್ತಿ ಹಾಡು ಬೇಕು. ಹಳೆಯ ಚೌಕಟ್ಟು ಒರೆಸಿ ನಿಲ್ಲಿಸಿದ್ದೇನೆ, ಹತ್ತಿ ತುಂಬಿಸಿ ಇಟ್ಟಿದ್ದೇನೆ. ಮೈಕು ಎಲ್ಲಿಡಬೇಕೆಂಬುದು ನಿನಗೇ ಗೊತ್ತು. ಈ ತಿಂಗಳು ಮುಗಿಯುವ ಮೊದಲು ಉತ್ತರ ಕೊಡು. ಅಂಚೆಚೀಟಿ ಬೇಡ, ಚೀಲ ಹಿಡಿದು ಬಾಗಿಲಿಗೆ ಬಂದು ಕೊಡು.