ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಂದ ಓದುಗರು

ನನ್ನ ಮಾಮಾ,

ಶರಣು ಶರಣಾರ್ಥಿ. ಮೊದಲು ಜಗಳ, ಆಮೇಲೆ ಸುದ್ದಿ. ನಿಮ್ಮ ಕಳ್ಳತನ ಸಿಕ್ಕಿಬಿದ್ದಿದೆ. ನೀವು ಎದುರಿಗಿದ್ದಿದ್ದರೆ ಮೀಸೆ ಸವರಿಕೊಂಡು, ಚಹಾ ಇಡಲು ಅತ್ತೆಗೆ ಕೂಗಿ ಹೇಳಿ, ಮಾತು ಬೇರೆ ಕಡೆ ತಿರುಗಿಸುತ್ತಿದ್ದಿರಿ. ಈಗ ಆ ಆಟ ನಡೆಯುವುದಿಲ್ಲ, ಸುಮ್ಮನೆ ಕೂತು ಕೇಳಬೇಕು. ನೀವು ಹೋಗಿ ಐದು ತಿಂಗಳಾಯಿತು. ಅದರಲ್ಲಿ ಹೆಚ್ಚಿನ ದಿನ ನಿಮ್ಮ ಮೇಲಿನ ಸಿಟ್ಟಿನಲ್ಲೇ ಕಳೆದೆ. ಈ ಹದಿನೈದು ದಿನದಿಂದ ಮಾತ್ರ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಹೇಳಿಬಿಡಬೇಕು. ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ನೀವು ನಿವೃತ್ತರಾದ ಮರುದಿನ ಮುಂಜಾನೆ ನಮ್ಮ ಬಾಗಿಲಿಗೆ ಬಂದು ನಿಂತದ್ದು ನೆನಪಿದೆಯಾ? ಮೂವತ್ತು ವರ್ಷ ಕಂಡಕ್ಟರಾಗಿ ಅಫಜಲಪುರ, ಅತನೂರ, ಚೌಡಾಪುರ, ಗಾಣಗಾಪುರ, ಆಳಂದ ಎಂದು ಓಡಾಡಿದವರಿಗೆ ಮನೆಯಲ್ಲಿ ಒಂದು ದಿನವೂ ಕಾಲು ನಿಲ್ಲಲಿಲ್ಲ. "ಸುವರ್ಣಾ, ನಡಿ, ಅಡ್ಡಾಡಿ ಬರೂನು. ಹೊಲಿಗಿ ಮಷಿನ್ ಮುಂದ ಕುಂತು ಕುಂತು ನಿನ್ನ ಬೆನ್ನು ಬಾಗಾಕತ್ತದ" ಅಂದಿರಿ. ಅಂಗಡಿ ತೆರೆಯುವುದರೊಳಗೆ ವಾಪಸಾಗಬೇಕೆಂಬ ಶರತ್ತಿನ ಮೇಲೆ ನಾನು ಚಪ್ಪಲಿ ಮೆಟ್ಟಿದೆ. ಹೊಲದ ದಾರಿಯಲ್ಲಿ ಏನಾದರೂ ಕಂಡರೆ ನೀವು "ಹೋಲ್ಡಾನ್" ಅನ್ನುತ್ತಿದ್ದಿರಿ, ನೋಡಿ ಮುಗಿದರೆ "ರೈಟ್". ಒಂದು ಮುಂಗುಸಿಗಾಗಿ ನಡುದಾರಿಯಲ್ಲಿ ಕಾಲು ತಾಸು ಹೋಲ್ಡಾನ್ ಮಾಡಿದ ಕಂಡಕ್ಟರ್ ನಮ್ಮ ಇಡೀ ತಾಲೂಕಿನಲ್ಲಿ ನೀವೊಬ್ಬರೇ ಇರಬೇಕು.

ಹಳ್ಳದ ದಂಡೆಯ ಜಾಲಿಗಿಡದಲ್ಲಿ ಗೀಜಗದ ಗೂಡು ಕಂಡ ದಿನವೇ ನನ್ನ ಬರಹ ಶುರುವಾಯಿತು, ಅಲ್ಲವೇ? ಗಾಳಿಗೆ ಬಿದ್ದಿದ್ದ ಗೂಡೊಂದನ್ನು ಕೈಗೆತ್ತಿಕೊಂಡು ನಾನು, ಇದರಲ್ಲಿ ಎಲ್ಲೂ ಗಂಟು ಹೊರಗೆ ಕಾಣುವುದಿಲ್ಲ, ಇಷ್ಟು ಚೊಕ್ಕ ನನಗೂ ಬರುವುದಿಲ್ಲ ಅಂದೆ. ನೀವು ತಿರುಗಿ ನಿಂತು, "ಇದನ್ನ ಹಿಂಗೇ ಬರಿ. ಹಕ್ಕಿ ಬಗ್ಗೆ ಬರಿಯೋರು ಭಾಳ ಮಂದಿ ಅದಾರ, ಹಕ್ಕಿ ಹೊಲಿಗಿ ನೋಡಿದ ಟೇಲರ್ ಯಾರದಾರ?" ಅಂದಿರಿ. ವಾರದೊಳಗೆ ಎಲ್ಲಿಂದಲೋ ಕಲಿತು ಬಂದು ಬ್ಲಾಗ್ ತೆರೆದುಕೊಟ್ಟಿರಿ. ಕುಪ್ಪಸದ ಅಳತೆ ಬರೆಯುವ ಕೈಯಲ್ಲಿ ನಾನು ತೊಗರಿ ಹೂವು, ಕುಸುಬೆಯ ಮುಳ್ಳು, ಭೀಮಾ ದಂಡೆಯ ಕೊಕ್ಕರೆ ಎಂದು ಬರೆಯತೊಡಗಿದೆ.

ಮೊದಲ ಕಾಮೆಂಟ್ ಬಂದ ದಿನ ನಾನು ಅಂಗಡಿಯಲ್ಲಿ ಎಷ್ಟು ಹಿಗ್ಗಿದ್ದೆನೆಂದರೆ ಒಬ್ಬರ ಕುಪ್ಪಸದ ತೋಳು ಇನ್ನೊಬ್ಬರ ಕುಪ್ಪಸಕ್ಕೆ ಹಚ್ಚಿದ್ದೆ. ಬರೆದವರು ಅತನೂರ ಶಿವಲೀಲಾ: "ಅಕ್ಕಾ, ನಿಮ್ಮ ಬರಹ ಓದಿ ಕಣ್ಣು ತುಂಬಿ ಬಂತು." ಆಮೇಲೆ ಚೌಡಾಪುರ ಮಾಸ್ತರ ಬಂದರು, ಗಾಣಗಾಪುರ ದತ್ತು ಬಂದರು, "ಬಹುತ್ ಖೂಬ್ ಬಾಯಿ" ಎನ್ನುತ್ತಾ ಆಳಂದ ಗಫೂರ್ ಬಂದರು. ಕೊನೆಗೆ ಕೊಳಕೂರ ಕಮಲಾಬಾಯಿ. ಮೂರು ವರ್ಷ ಈ ಐದು ಮಂದಿ ನನ್ನ ಒಂದು ಬರಹವನ್ನೂ ಬಿಡಲಿಲ್ಲ. ಆ ಐದು ಹೆಸರಿಗಾಗಿಯೇ ನಾನು ಜ್ವರದಲ್ಲೂ ಎದ್ದು ನಡೆದೆ, ಬರೆದೆ.

ಆ ಮಸುಕು ಫೋಟೋದ ಗಲಾಟೆ ಮರೆತಿಲ್ಲ ತಾನೇ? ದಾರಿ ದಾಟುತ್ತಿದ್ದ ಮೂರು ಪುಟ್ಟ ಹಕ್ಕಿಗಳನ್ನು ಬುರ್ಲಿ ಎಂದು ನಾನು ಬರೆದಿದ್ದೆ. ಕಮಲಾಬಾಯಿ, "ಬುರ್ಲಿ ಅಲ್ಲ, ಗೌಜಲಹಕ್ಕಿ ಮರಿ" ಎಂದು ಒಂದೇ ಸಾಲು ಬರೆದರು. ನನಗೆ ಯಾರಾದರೂ ತಪ್ಪು ಅಂದರೆ ತಡೆಯುವುದಿಲ್ಲವೆಂದು ನಿಮಗೆ ಗೊತ್ತು. ಅಂದು ಅಂಗಡಿಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಅಷ್ಟರಲ್ಲಿ ಚೌಡಾಪುರ ಮಾಸ್ತರರು ನನ್ನ ಪರ ನಿಂತರು. "ಗೌಜಲ ಮರಿ ಆಗಿದ್ರ ಹಿಂದ ತಾಯಿ ಇರಬೇಕಲ್ಲ?" ಎಂದು ಕೇಳಿದರು. "ತಾಯಿ ಮುಂದ ಹೋಗಿರ್ತದ, ಫೋಟೋದಾಗ ಬಂದಿಲ್ಲ" ಎಂದು ಕಮಲಾಬಾಯಿ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ನಾನು ಏನೇ ಬರೆದರೂ ಮಾಸ್ತರರು ಹೊಗಳುವುದು, ಕಮಲಾಬಾಯಿ ತಪ್ಪು ಹಿಡಿಯುವುದು, ಮತ್ತೆ ಮಾಸ್ತರರು ವಾದಕ್ಕೆ ಇಳಿಯುವುದು. ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಶ್ರಾವಣದಲ್ಲಿ ನೀವು ಹೀಗೆ ಒಮ್ಮೆಲೇ... ಅದನ್ನು ಬರೆಯುವುದಿಲ್ಲ ಮಾಮಾ. ಹದಿನಾರನೆಯ ದಿನಕ್ಕೆ ಒಬ್ಬಳೇ ನಡೆದು ಹೋಗಿ ಬಂದೆ. ಮನೆಯ ಸುದ್ದಿ ಓದುಗರಿಗೇಕೆ ಎಂದು ನಿಮ್ಮ ವಿಷಯ ಎತ್ತದೆ, ಹಸಿಯಾದ ಎರೆಮಣ್ಣು ಚಪ್ಪಲಿಗೆ ಹತ್ತಿದ್ದನ್ನಷ್ಟೇ ಬರೆದು ಹಾಕಿದೆ. ಒಂದು ಕಾಮೆಂಟೂ ಬರಲಿಲ್ಲ. ಮರುದಿನವೂ ಇಲ್ಲ, ವಾರ ಕಳೆದರೂ ಇಲ್ಲ. ಐದು ಮಂದಿಗೂ ಒಟ್ಟಿಗೆ ಏನಾಯಿತು? ನನ್ನ ದುಃಖದಲ್ಲಿ ಆಗಲೂ ಹೊಳೆಯಲಿಲ್ಲ ನೋಡಿ.

ಅತ್ತೆ ನಿಮ್ಮ ಫೋನ್ ತಂದು ನನ್ನ ಕೈಗಿಟ್ಟ ಮಧ್ಯಾಹ್ನ ಎಲ್ಲ ಹೊಳೆಯಿತು. "ಇದರಾಗ ನಿಮ್ಮ ಮಾಮಾನ ಫೋಟೋ ಇದ್ರ ತೆಗೆದು ಕೊಡವಾ" ಅಂದರು. ಫೋಟೋ ಹುಡುಕುವ ಬದಲು ನಾನು ನನ್ನ ಬ್ಲಾಗನ್ನೇ ತೆರೆದೆ, ಕಾಮೆಂಟಿನ ಜಾಗ ಒತ್ತಿದೆ. ಯಾವ ಹೆಸರಿನಲ್ಲಿ ಬರೆಯುತ್ತೀರಿ ಎಂದು ಫೋನ್ ಕೇಳಿತು. ಕೆಳಗೆ ನಾಲ್ಕು ಹೆಸರು, ಒಂದರ ಕೆಳಗೊಂದು: ಅತನೂರ, ಚೌಡಾಪುರ, ಗಾಣಗಾಪುರ, ಆಳಂದ. ನಿಮ್ಮ ಬಸ್ಸಿನ ಸ್ಟಾಪುಗಳು, ಅದೇ ಸರದಿಯಲ್ಲಿ. ಕೊಳಕೂರ ಕಮಲಾಬಾಯಿ ಮಾತ್ರ ಅದರಲ್ಲಿರಲಿಲ್ಲ. ಅದರ ಪಾಸ್‌ವರ್ಡ್ ನೀವು ಮರೆತಿರಬೇಕೆಂದು ಲೆಕ್ಕ ಹಾಕಿದೆ. ಈ ಪರಿ ಮೀಸೆ ಇಟ್ಟುಕೊಂಡು ಶಿವಲೀಲಾ ಆಗಿ ಕಣ್ಣು ತುಂಬಿಸಿಕೊಂಡಿರಲ್ಲ, ನಾಚಿಕೆಯಾಗಲಿಲ್ಲವೇ? ಮಾಸ್ತರನೂ ನೀವೇ, ಕಮಲಾಬಾಯಿಯೂ ನೀವೇ ಆಗಿ ನಿಮ್ಮ ಜೊತೆ ನೀವೇ ಜಗಳವಾಡಿದಿರಾ? ನನಗೆ ಅಳುವಿಗಿಂತ ಅವಮಾನ ಹೆಚ್ಚಾಯಿತು. ಮೂರು ವರ್ಷ ಒಬ್ಬನೇ ಮನುಷ್ಯನಿಗೆ ಬರೆದಿದ್ದೇನೆ, ಅದೂ ದಿನಾ ಪಕ್ಕದಲ್ಲೇ ನಡೆಯುತ್ತಿದ್ದವನಿಗೆ. ಬ್ಲಾಗ್ ಮುಚ್ಚಬೇಕು ಎಂದು ಅಂದೇ ತೀರ್ಮಾನಿಸಿದೆ.

ಮುಚ್ಚುವ ಮುಂಚೆ ಕೊನೆಯದೊಂದು ಬರೆಯೋಣವೆಂದು ಕೂತಾಗ ಎಳ್ಳಮಾವಾಸ್ಯೆ ಹತ್ತಿರವಿತ್ತು. ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸುವ ಭಜ್ಜಿ ಬಗ್ಗೆ ಬರೆದೆ, ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುವುದನ್ನು ಬರೆದೆ. ನಮ್ಮ ಕಡೆಯವರು ಈ ಹಬ್ಬದ ಮಾತೆತ್ತಿದರೆ, ಎದುರಿಗಿರುವವರು ಬಸ್ ಸ್ಟ್ಯಾಂಡಿನಲ್ಲಿ ಗುರುತಾದವರೇ ಆಗಿರಲಿ, "ನಮ್ಮ ಹೊಲಕ್ಕ ಬರ್ರಿ" ಎನ್ನದೆ ಬಿಡುತ್ತಾರೆಯೇ? ಕೈ ತಾನಾಗಿಯೇ ಅದನ್ನೂ ಬರೆಯಿತು. ಅಷ್ಟು ಸಾಲದೆಂದು, ಅತನೂರ ದಾಟಿದ ಮೇಲೆ ಬಲಕ್ಕೆ ಜೋಡಿ ಬೇವಿನಗಿಡ, ಅದರ ಹಿಂದಿನದೇ ನಮ್ಮ ಮಾಮಾನ ಹೊಲ, ಎಲ್ಲರೂ ಬರ್ರಿ ಎಂದು ದಾರಿಯನ್ನೂ ಹೇಳಿಬಿಟ್ಟೆ. ಓದುವವರೇ ಇಲ್ಲವೆಂದ ಮೇಲೆ ಕರೆಯಲು ಅಂಜಿಕೆ ಏನು?

ಹಬ್ಬದ ದಿನ ಅತ್ತೆ ಜೋಳದ ದಂಟಿನ ನಡುವೆ ನಿಂತು ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬುಟ್ಟಿ ಇಳಿಸಿದ್ದರಷ್ಟೇ. ಬೇವಿನಗಿಡದ ಹತ್ತಿರ ಒಂದು ಆಟೋ ನಿಂತಿತು, ಹಿಂದೆ ಎರಡು ಗಾಡಿ. ಇಳಿದವರು ಹನ್ನೊಂದು ಮಂದಿ ಮಾಮಾ. ನಾನು ಎಣಿಸಿದೆ, ಅತ್ತೆ ಬುಟ್ಟಿಯಲ್ಲಿದ್ದ ರೊಟ್ಟಿ ಎಣಿಸಿದರು. "ಇವರ್ಯಾರ ಬೇ?" ಎಂದು ನನ್ನನ್ನು ತಿವಿದರು. ಆಳಂದದಲ್ಲಿ ಬಳೆ ಅಂಗಡಿ ಇಟ್ಟ ಒಬ್ಬ ಅಕ್ಕ ಮುಂದೆ ಬಂದು, "ಟೇಲರ್ ಬಾಯಿ ನೀವೇ ಏನ್ರಿ? ನಿಮ್ಮ ಗೀಜಗ ನಮ್ಮ ವಾಟ್ಸಾಪ್ ಗುಂಪಿನಾಗ ಎಲ್ಲಾರೂ ಓದ್ಯಾರ್ರಿ" ಅಂದರು. ಮತ್ತೆ ಯಾಕೆ ಯಾರೂ ಒಂದು ಮಾತು ಬರೆಯಲಿಲ್ಲ ಎಂದು ಕೇಳಿಯೇಬಿಟ್ಟೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. "ಅದನ್ನ ಎಲ್ಲಿ ಬರೀಬೇಕಂತ ಗೊತ್ತಾಗ್ಲಿಲ್ರಿ. ಓದಿ ಮುಂದ ಕಳಿಸ್ತಿದ್ವಿ." ನನಗೆ ನಗಬೇಕೋ ಅಳಬೇಕೋ ತಿಳಿಯದೆ, ಎಲ್ಲರ ಕೈಗೂ ಸಜ್ಜೆ ಕಡಬು ಇಡುತ್ತಾ ಹೋದೆ.

ಊಟಕ್ಕೆ ಸಾಲಾಗಿ ಕೂತ ಮೇಲೆ ಹಸಿರು ಇಳಕಲ್ ಸೀರೆಯ ಒಬ್ಬ ಹೆಂಗಸು ಮಾತ್ರ ನಿಂತೇ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಅತ್ತ ಇತ್ತ ನೋಡಿ ನನ್ನ ಹತ್ತಿರ ಬಂದರು. "ಚೌಡಾಪುರ ಮಾಸ್ತರ ಬಂದಾರೇನ್ರಿ? ನಮ್ಮ ಹೊಲದಾಗ ಮುಂಜಾನೆ ಲಗೂನೇ ಚರಗ ಚೆಲ್ಲಿ, ಎರಡು ಬಸ್ ಹಿಡಿದು ಬಂದೇನಿ. ಅವರಿಗೆ ಒಂದು ಫೋಟೋ ತೋರಸೂದದ." ನಾನು ಕೈಯ ತಟ್ಟೆ ಕೆಳಗಿಟ್ಟೆ. ಯಾವ ಊರೆಂದು ಕೇಳಿದೆ. "ಕೊಳಕೂರ್ರಿ. ಕಮಲಾಬಾಯಿ" ಅಂದರು.

ನಿಮ್ಮ ಬಸ್ ಎಂದಾದರೂ ಕೊಳಕೂರಿಗೆ ಹೋಗಿತ್ತೇ ಮಾಮಾ? ಜೇವರ್ಗಿ ಕಡೆಯ ದಾರಿ ನಿಮ್ಮದಲ್ಲವೇ ಅಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಿರಲಿಲ್ಲ. ಮೂರು ವರ್ಷ ನನ್ನನ್ನು ನಿಜವಾಗಿ ಓದುವವಳು ಒಬ್ಬಳಿದ್ದಳು. ನನ್ನ ಪ್ರತಿ ಸಾಲನ್ನೂ ಓದಿ, ತಪ್ಪು ಹಿಡಿದು, ಮತ್ತೆ ಮರುವಾರ ಬರುತ್ತಿದ್ದಳು. ಹೊಗಳಿದವರೆಲ್ಲ ನೀವಾಗಿದ್ದಿರಿ, ತಪ್ಪು ಅಂದವಳೊಬ್ಬಳೇ ನಿಜ. ಅವಳ ಹೆಸರು ಕಂಡಾಗಲೆಲ್ಲ ನಾನು ಮುಖ ಗಂಟು ಹಾಕಿಕೊಂಡಿದ್ದೆ.

ಅವರನ್ನು ಬದುವಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಮಾಸ್ತರ ಎಂಬವರು ಇಲ್ಲವೆಂದೆ, ಅದು ನಮ್ಮ ಮಾಮಾ ಎಂದೆ, ಆ ಮಾಮಾನೂ ಈಗ... ಅವರು ಸೆರಗಿನ ತುದಿ ಬೆರಳಿಗೆ ಸುತ್ತಿದರು, ಬಿಚ್ಚಿದರು. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆಂದು ನಾನು ಅಂಜಿದ್ದೆ. ಅವರು ಹೇಳಿದ್ದು ಹೀಗೆ: "ನಾ ಜ್ವಾಳದ ಹೊಲದಾಗ ಅಟ್ಟದ ಮ್ಯಾಲ ಕುಂತು ಹಕ್ಕಿ ಕಾಯಾಕಿ ತಂಗಿ. ದಿನಾ ಹಕ್ಕಿ ಓಡಿಸೂದೇ ಕೆಲಸ. ನನ್ನ ಜೋಡಿ ಹಕ್ಕಿ ಬಗ್ಗೆ ಮಾತಾಡೋರು ಯಾರದಾರ? ಮಾಸ್ತರ ಒಬ್ಬರೇ ಮಾತಾಡ್ತಿದ್ರು. ಮಧ್ಯಾಹ್ನ ಆತಂದ್ರ ಇವತ್ತ ಏನಂತಾರ ನೋಡೂನಂತ ಫೋನ್ ತೆಗೀತಿದ್ದೆ."

ಹಾಗಾದರೆ ಶ್ರಾವಣದ ಬರಹಕ್ಕೆ ತಾವೂ ಯಾಕೆ ಸುಮ್ಮನಾದರೆಂದು ಅವರನ್ನು ಕೇಳಿದೆ. "ಅವರು ಮೊದಲು ಹೊಗಳಬೇಕು, ಆಮ್ಯಾಲ ನಾ ತಪ್ಪು ಹಿಡೀಬೇಕು, ಹಂಗ ರೂಢಿ ಆಗಿತ್ತು. ಅವರ ಮಾತು ಬರಲಂತ ಕಾಯಾಕತ್ತಿದ್ದೆ" ಅಂದರು. ಆಮೇಲೆ ಫೋನ್ ತೆಗೆದು ಫೋಟೋ ತೋರಿಸಿದರು. ಅವರ ಹೊಲದ ಬದುವಿನ ಹುಲ್ಲಿನಲ್ಲಿ ತಾಯಿ ಗೌಜಲ, ಅದರ ಹಿಂದೆ ಮೂರು ಮರಿ. ನಮ್ಮ ಫೋಟೋದಲ್ಲಿದ್ದಂಥವೇ, ಬೆನ್ನ ಮೇಲೆ ಅವೇ ಗೆರೆಗಳು. ಸೋತಿರಿ ಮಾಮಾ, ನಾವಿಬ್ಬರೂ ಸೋತೆವು. ತಾಯಿ ಮುಂದೆಯೇ ಹೋಗುತ್ತದೆ.

ಹೊರಡುವಾಗ ಅತ್ತೆ ಅವರ ಉಡಿಯಲ್ಲಿ ಕಡಬು, ರೊಟ್ಟಿ ಕಟ್ಟಿ ತುಂಬಿದರು. ಕಮಲಾಬಾಯಿ ನನ್ನ ಕೈ ಹಿಡಿದು, "ನೀವು ಬ್ಲಾಗ್ ಬಿಡಬ್ಯಾಡ್ರಿ ಮತ್ತ. ನಾ ಇನ್ನ ಯಾರ ಜೋಡಿ ಜಗಳಾಡ್ಲಿ?" ಅಂದರು. ನೀವು ನನಗಾಗಿ ಓದುಗರನ್ನು ಹುಟ್ಟಿಸಿದಿರಿ ಎಂದಷ್ಟೇ ತಿಳಿದಿದ್ದೆ. ಗೊತ್ತಿಲ್ಲದೆಯೇ ಭೀಮೆಯ ಆಚೆ ದಂಡೆಯಲ್ಲಿ ಅಟ್ಟದ ಮೇಲೆ ಕೂತ ಒಬ್ಬರಿಗೆ ಮಾತಿನ ಜೊತೆಯಾಗಿದ್ದಿರಿ. ಇಷ್ಟು ದಿನದ ನನ್ನ ಸಿಟ್ಟನ್ನು ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ಮುಂಜಾನೆ ಕುಸುಬೆ ಹೊಲದ ಅಂಚಿನಲ್ಲಿ ನೆಲಗುಬ್ಬಿ ಕಂಡು, ಅಂಗಡಿ ತೆರೆಯುವ ಮುಂಚೆ ಬರೆದು ಹಾಕಿದೆ. ಬಳೆ ಅಂಗಡಿಯ ಅಕ್ಕನಿಗೆ ಕಾಮೆಂಟಿನ ಜಾಗ ಸಿಕ್ಕಿದೆ. ಎರಡು ಹೂವಿನ ಚಿತ್ರ ಒತ್ತಿದ್ದಾರೆ. ಅದರ ಕೆಳಗೆ ಕಮಲಾಬಾಯಿ: "ಇದು ನೆಲಗುಬ್ಬಿ ಅಲ್ಲ, ಮುಗಿಲಿಗೇರಿ ಹಾಡೂ ಬಾನಾಡಿ. ಸರಿಯಾಗಿ ನೋಡ್ರಿ." ಒಂದು ಗಳಿಗೆ ಹಳೆಯ ರೂಢಿಯಂತೆ, ನನ್ನ ಪರವಾಗಿ ಯಾರಾದರೂ ಬರೆಯಲಿ ಎಂದು ಕಾದೆ. ಆಮೇಲೆ ಮಷಿನ್ ನಿಲ್ಲಿಸಿ, ಬೆರಳಿಗೆ ಹತ್ತಿದ್ದ ದಾರ ಬಿಡಿಸಿಕೊಂಡು, ಸುವರ್ಣಾ ಎಂಬ ನನ್ನ ಹೆಸರಿನಲ್ಲೇ ಬರೆದೆ: "ತಪ್ಪು ಅಕ್ಕಾರ. ನೆಲಗುಬ್ಬಿನೇ ಅದು. ಐತವಾರ ಮೊದಲ ಬಸ್ಸಿಗೆ ಕೊಳಕೂರಿಗೆ ಬರ್ತೇನಿ. ಅಟ್ಟದ ಮ್ಯಾಲ ನನಗೂ ಜಾಗಾ ಮಾಡ್ರಿ, ಕುಂತು ಜಗಳಾಡೂನು."

ನಿಮ್ಮ
ಸುವರ್ಣಾ