ಹಿಡಿ ಸುಖ

ಬೆಟಗೇರಿ
೧೪ ಜುಲೈ ೨೦೨೪, ರವಿವಾರ

ಮನೆಯವರಿಗೆ ನೀಲಾಳ ನಮಸ್ಕಾರಗಳು.

ಮನೆ ಬಿಟ್ಟು ಹೋದವರನ್ನು ಮನೆಯವರು ಎಂದು ಕರೆದರೆ ನಗುತ್ತೀರೇನೋ. ನಗಿರಿ. ಎರಡು ವರ್ಷದಿಂದ ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮುಂಡರಗಿಯಲ್ಲಿ ಕುಬೇರಪ್ಪ ಭಾವನವರ ಕಾಳಿನ ಅಂಗಡಿಯ ಧೂಳು ಕುಡಿದು ನಿಮ್ಮ ಗಂಟಲು ಏನಾಗಿದೆಯೋ ಎಂಬ ಚಿಂತೆ ನನಗೆ.

ಹೋದ ವಾರ ಕಳಸಾಪುರದಿಂದ ನಿಮ್ಮ ಸೋದರತ್ತೆ ಹುಚ್ಚವ್ವ ಬಂದಿದ್ದರು. ನಾನು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ, ಅವರು ನಿಮಗೆ ಕಲಿಸಿದ, ನೀವು ಮದುವೆಯ ಹೊಸತರಲ್ಲಿ ನನಗೆ ಹಾಡುತ್ತಿದ್ದ ಹಾಡು ಗುನುಗುತ್ತಿದ್ದೆ. "ಹಿಡಿ ಸುಖ, ನನ ಗೆಳತಿ, ಹೊತ್ತು ಮುಳುಗೂತನಕ." ಸುಖ ಬಂದಾಗ ಗಟ್ಟಿಯಾಗಿ ಹಿಡಿದುಕೋ, ಬಿಡಬೇಡ ಎಂದೇ ನಾನು ತಿಳಿದದ್ದು. ಅತ್ತೆಗೂ ಹಾಗೇ ಹೇಳಿದೆ. ಅವರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕರು. "ಹಿಡಕೋ ಅಂತ ಅಲ್ಲವ್ವಾ ಅದು. ಹಿಡಿ ಜ್ವಾಳ ಅಂತೀವಲ್ಲ, ಹಂಗ ಒಂದ್ ಹಿಡಿ ಸುಖ. ಅಷ್ಟ ಸಿಗೂದು, ಅಷ್ಟರಾಗ ನಕ್ಕೋಂತ ಇರು ಅಂತೈತಿ ಹಾಡು" ಎಂದರು. ಆ ದಿನ ಮತ್ತೆ ಕಂಡಿಕೆ ಸುತ್ತಲು ಕೈ ಬರಲಿಲ್ಲ.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಮೂರು ವರ್ಷದ ಹಿಂದೆ ಲಕ್ಷ್ಮೇಶ್ವರದ ನಾಟಕ ಕಂಪನಿಯಲ್ಲಿ ಹಾಡಿ ತೋರಿಸಿ ಬಂದಿರಿ. ಅವರು ಬೇರೆಯವರನ್ನು ತೆಗೆದುಕೊಂಡರಂತೆ ಎಂದು ನಿಮಗೆ ಹೇಳಿದವಳು ನಾನು. ಅದು ಸುಳ್ಳು. ನೀವು ನೂಲು ತರಲು ಹೋದಾಗ ಕಂಪನಿಯ ಅಯ್ಯೂಬ ಅವರು ಬಾಗಿಲಿಗೇ ಬಂದಿದ್ದರು. "ಇಂಥಾ ದನಿ ನಮಗ ಸಿಕ್ಕಿಲ್ಲರಿ, ಸೋಮವಾರನ ಕಳಸ್ರಿ" ಎಂದರು. ವರ್ಷದಲ್ಲಿ ಆರು ತಿಂಗಳು ಊರೂರು ತಿರುಗಾಟ ಎಂದದ್ದಷ್ಟೇ ನನ್ನ ಕಿವಿಯಲ್ಲಿ ಉಳಿಯಿತು. ನಿಮಗೆ ಮನಸ್ಸಿಲ್ಲ ಎಂದು ಹೇಳಿ ಅವರನ್ನು ಕಳಿಸಿಬಿಟ್ಟೆ. ನಿಮಗೆ ಚಹಾ ಕೊಡುತ್ತಾ ಆ ಸುಳ್ಳು ಹೇಳಿದೆ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಬಿಡು" ಎಂದು ನೀವು ನನ್ನನ್ನೇ ಸಮಾಧಾನ ಮಾಡಿದಿರಿ.

ಆಮೇಲೆ ಹಾಡು ಬಿಟ್ಟಿರಿ, ಮಾತು ಬಿಟ್ಟಿರಿ, ಕೊನೆಗೆ ಮನೆಯನ್ನೂ ಬಿಟ್ಟಿರಿ. ಹೊರಟಾಗ ಕಾರಣ ಕೇಳಿದ್ದಕ್ಕೆ, "ನನ್ನ ದನಿ ಯಾರಿಗೂ ಬ್ಯಾಡಾಗೇತಿ, ಈ ಮನ್ಯಾಗ ಕುಂತ್ರ ಅದ ನೆನಪಾಗತೈತಿ" ಎಂದಿರಿ. ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಮತ್ತೆ ನನ್ನ ಮುಖ ನೋಡುವುದಿಲ್ಲವೆಂದು ಹೆದರಿದೆ. ಆ ಹೆದರಿಕೆ ಈಗಲೂ ಇದೆ. ಆದರೆ ನಿಮ್ಮ ದನಿ ಅವರಿಗೆ ಬೇಕಾಗಿತ್ತು, ಬೇಡ ಅಂದವಳು ನಾನೊಬ್ಬಳೇ ಎನ್ನುವುದು ನಿಮಗೆ ಗೊತ್ತಾಗಬೇಕು.

ಮದುವೆಯಾದ ಮೊದಲ ನಾಲ್ಕು ವರ್ಷ ಸಂಜೆ ಮಗ್ಗ ನಿಲ್ಲಿಸಿ ನೀವು ಹಾಡುತ್ತಿದ್ದಿರಿ, ನಾನು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ಎಷ್ಟೋ ಸಲ ರೊಟ್ಟಿ ಹೊತ್ತಿಸಿದ್ದೂ ಉಂಟು. ನನ್ನ ಪಾಲಿನ ಹಿಡಿ ಅದೇ ಇರಬೇಕು. ಇನ್ನೊಂದು ಹಿಡಿ ಕೊಡಿ ಎಂದು ಕೇಳುವ ಬಾಯಿ ನನಗಿಲ್ಲ. ಆರೋಗ್ಯ ನೋಡಿಕೊಳ್ಳಿ.

ನಿಮ್ಮವಳು ಎಂದು ಬರೆಯಲು ಅಳುಕುತ್ತಿರುವ,
ನೀಲಾ

ತಾ.ಕ.: ನಿನ್ನೆ ಲಕ್ಷ್ಮೇಶ್ವರಕ್ಕೆ ಹೋಗಿ ಅಯ್ಯೂಬ ಅವರಿಗೆ ಎಲ್ಲ ಹೇಳಿ ಬಂದೆ. ಬೈದರು. ಬೈದಾದ ಮೇಲೆ, "ಈ ಸಲಾನೂ ಹಾಡವರು ಬೇಕಾಗ್ಯಾರರಿ, ಇಪ್ಪತ್ತೆರಡನೇ ತಾರೀಕಿಗೆ ಬರಾಕ ಹೇಳ್ರಿ" ಎಂದರು. ಮುಂಡರಗಿಯಿಂದ ಲಕ್ಷ್ಮೇಶ್ವರಕ್ಕೆ ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹತ್ತಿರ. ಆ ದಾರಿಯಲ್ಲಿ ಬೆಟಗೇರಿ ಬರುವುದಿಲ್ಲ.